ಪೀಠಿಕೆ ಸಾಕು, ವಿಷಯಕ್ಕೆ ಬಾ: ಕಾಲೇಜು ಪ್ರಬಂಧದ ಆಕೃತಿ ಮತ್ತು ದಲಿತ ವಿಮರ್ಶೆ

ದಲಿತ ವಿಮರ್ಶೆಯ ವಿಶೇಷ ಸಂಚಿಕೆಯಲ್ಲಿ ಕಾಲೇಜು ಹುಡುಗರು ಬರೆಯುವ ಪ್ರಬಂಧದ ಬಗ್ಗೆ ಮಾತಾಡುವುದು ಕೆಲವರಿಗೆ ಸಣ್ಣ ಕೆಲಸ ಅನ್ನಿಸಬಹುದು. ಸೌಂದರ್ಯಮೀಮಾಂಸೆ, ದಲಿತ ಭಾಷೆ, ಆತ್ಮಕಥನ ಇಂಥ ದೊಡ್ಡ ಪ್ರಶ್ನೆಗಳು ನಮ್ಮ ಮುಂದಿರುವಾಗ ಪರೀಕ್ಷೆಯ ಕೊನೆಗೆ ಬರುವ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುವುದು ಯಾಕೆ? ಕಾರಣ ಸರಳ. ರಾಯಚೂರು ನಗರಕ್ಕೆ, ದೇವದುರ್ಗಕ್ಕೆ, ಮಾನ್ವಿಗೆ ಸುತ್ತಲ ಹಳ್ಳಿಗಳಿಂದ ಬಸ್ ಪಾಸ್ ಹಿಡಿದು ಕಾಲೇಜಿಗೆ ಬರುವ ನಮ್ಮ ಕೇರಿಗಳ ಮಕ್ಕಳಲ್ಲಿ ಬಹಳ ಮಂದಿ ತಮ್ಮ ಮನೆಯಲ್ಲಿ ಓದು ಕಂಡ ಮೊದಲ ತಲೆಮಾರಿನವರು. ಇವರೆಲ್ಲ ಕವಿಗಳಾಗುವುದಿಲ್ಲ, ಎಲ್ಲರೂ ಆತ್ಮಕತೆ ಬರೆಯುವುದಿಲ್ಲ. ಆದರೆ ಪ್ರಬಂಧವನ್ನು ಎಲ್ಲರೂ ಬರೆಯಲೇಬೇಕು. ಸ್ವಂತ ವಿಚಾರವನ್ನು ಸ್ವಂತ ವಾಕ್ಯಗಳಲ್ಲಿ ಮೂರು ಪುಟ ಬರೆಯಪ್ಪಾ ಎಂದು ಈ ವ್ಯವಸ್ಥೆ ಅವರನ್ನು ಕೇಳುವುದು ಬಹುಶಃ ಅಲ್ಲೊಂದೇ ಕಡೆ. ಅಲ್ಲಿ ಅವರು ಏನನ್ನು ಕಲಿಯುತ್ತಾರೆ ಎಂಬುದು ವಿಮರ್ಶೆಯ ಪ್ರಶ್ನೆಯೇ ಆಗಬೇಕು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ತರಗತಿಗಳಲ್ಲಿ ಕಲಿಸುವ ಮೂರು ಭಾಗದ ಪ್ರಬಂಧ ವಾದ ಮಾಡುವುದನ್ನು ಕಲಿಸುವುದಿಲ್ಲ, ವಾದದಿಂದ ತಪ್ಪಿಸಿಕೊಳ್ಳುವುದನ್ನು ಕಲಿಸುತ್ತದೆ. ಹಾಗಂತ ಕ್ರಮಬದ್ಧ ಬರವಣಿಗೆಯೇ ಮೇಲ್ಜಾತಿಯ ಸೊತ್ತು ಎಂದು ಅದನ್ನು ಬಿಸಾಕುವುದೂ ಉತ್ತರವಲ್ಲ. ವಾದಕ್ಕೆ ಬೇಕಾದ ಕ್ರಮ ದಲಿತ ಬರವಣಿಗೆಯ ಒಳಗೇ ಇದೆ, 1855ರಷ್ಟು ಹಿಂದಿನಿಂದ ಇದೆ. ಅದನ್ನು ನಾವು ತರಗತಿಗೆ ತಂದಿಲ್ಲ, ಅಷ್ಟೆ.

1

ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪ್ರೌಢಶಾಲೆಯಿಂದ ಪದವಿಯವರೆಗೆ ಹೇಳಿಕೊಡುವ ಸೂತ್ರ ಇದು. ಗೈಡುಗಳಲ್ಲಿ ಇದಕ್ಕೆ ಮಾದರಿಗಳಿರುತ್ತವೆ. 'ಗ್ರಂಥಾಲಯಗಳ ಮಹತ್ವ', 'ರಾಷ್ಟ್ರೀಯ ಭಾವೈಕ್ಯ', 'ಅಸ್ಪೃಶ್ಯತೆ ಒಂದು ಸಾಮಾಜಿಕ ಪಿಡುಗು' ಇವು ತಲೆಮಾರುಗಳಿಂದ ಬದಲಾಗದ ವಿಷಯಗಳು. ಈ ಕೊನೆಯದನ್ನೇ ತೆಗೆದುಕೊಳ್ಳೋಣ.

ಮಾದರಿ ಪ್ರಬಂಧದ ಪೀಠಿಕೆ ಭಾರತದ ಭವ್ಯ ಪರಂಪರೆಯಿಂದ ಆರಂಭವಾಗುತ್ತದೆ. ಇಂಥ ನಾಡಿನಲ್ಲಿ ಅಸ್ಪೃಶ್ಯತೆ ಒಂದು ಕಪ್ಪು ಚುಕ್ಕೆ ಎಂದು ಮುಗಿಯುತ್ತದೆ. ವಿವರಣೆಯಲ್ಲಿ ಹಿಂದಿನ ಕಾಲದಲ್ಲಿ ಕೆಲವರನ್ನು ಊರ ಹೊರಗೆ ಇಡಲಾಗುತ್ತಿತ್ತು, ಬಾವಿಯ ನೀರನ್ನು ನಿರಾಕರಿಸಲಾಗುತ್ತಿತ್ತು, ದೇವಾಲಯ ಪ್ರವೇಶವನ್ನು ನಿಷೇಧಿಸಲಾಗಿತ್ತು. ಬಸವಣ್ಣ, ಗಾಂಧೀಜಿ, ಅಂಬೇಡ್ಕರ್ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಸಂವಿಧಾನದ 17ನೇ ವಿಧಿ ಬರುತ್ತದೆ. ಉಪಸಂಹಾರದಲ್ಲಿ ನಾವೆಲ್ಲರೂ ಒಂದಾಗಿ ಬಾಳಬೇಕಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಮೂರು. ಮೊದಲನೆಯದು ವ್ಯಾಕರಣದ್ದು. 'ಇಡಲಾಗುತ್ತಿತ್ತು', 'ನಿರಾಕರಿಸಲಾಗುತ್ತಿತ್ತು' ಎಂಬ ಕರ್ಮಣಿ ವಾಕ್ಯಗಳಲ್ಲಿ ಕರ್ತೃವೇ ಇಲ್ಲ. ಯಾರು ಇಟ್ಟರು? ಯಾರು ನಿರಾಕರಿಸಿದರು? ನಮ್ಮ ಕೇರಿಯೊಳಗ ಯಾರೂ ಹಿಂಗ ಮಾತಾಡೂದಿಲ್ಲ. 'ನನಗೆ ಚಹಾ ನಿರಾಕರಿಸಲಾಯಿತು' ಅಂತ ಯಾರಾದ್ರೂ ಅಂದಿದ್ದು ಕೇಳೀರೇನು? 'ಇಂಥ ಹೋಟೆಲಿನಾಗ ಇಂಥವ ಬ್ಯಾರೆ ಲೋಟದಾಗ ಕೊಟ್ಟ' ಅಂತಾರ. ಕೇರಿಯ ವಾಕ್ಯದಲ್ಲಿ ಮಾಡಿದವನಿದ್ದಾನೆ, ಜಾಗವಿದೆ, ವಸ್ತುವಿದೆ. ಗೈಡಿನ ವಾಕ್ಯದಲ್ಲಿ ಅಪರಾಧ ಮಾತ್ರ ಇದೆ, ಅಪರಾಧಿ ಇಲ್ಲ. ಶಿಷ್ಟ ಕನ್ನಡ ಕಲಿಸುತ್ತೇವೆ ಎನ್ನುವ ಹೆಸರಿನಲ್ಲಿ ಸಾಕ್ಷಿ ಹೇಳುವವನ ಬಾಯಿಂದ ಕರ್ತೃಪದವನ್ನು ಕಿತ್ತುಕೊಳ್ಳುವ ಕೆಲಸ ನಡೆದಿದೆ.

ಎರಡನೆಯದು ಕಾಲದ್ದು. 'ಹಿಂದಿನ ಕಾಲದಲ್ಲಿ' ಎಂಬ ಮಾತು ಬಂದ ಕೂಡಲೇ ಬರೆಯುತ್ತಿರುವ ಹುಡುಗಿಯ ನಿನ್ನೆ ಮೊನ್ನೆ ಪ್ರಬಂಧದಿಂದ ಹೊರಗೆ ಹೋಗುತ್ತದೆ. ಅವಳಿಗೆ ಗೊತ್ತಿರುವುದು ಬೇಕಾಗಿಲ್ಲ, ಗೊತ್ತಿಲ್ಲದ್ದನ್ನು ಬಾಯಿಪಾಠ ಮಾಡಿದರೆ ಅಂಕ ಉಂಟು.

ಮೂರನೆಯದು ಮುಖ್ಯವಾದದ್ದು. ಈ ಪ್ರಬಂಧದಲ್ಲಿ ಯಾರೂ ಯಾವ ಮಾತನ್ನೂ ಒಪ್ಪದಿರಲು ಸಾಧ್ಯವಿಲ್ಲ. ಅಸ್ಪೃಶ್ಯತೆ ಪಿಡುಗಲ್ಲ ಎಂದು ಸಭೆಯಲ್ಲಿ ನಿಂತು ಹೇಳುವವರು ಇಂದು ಯಾರಿದ್ದಾರೆ? ಎಲ್ಲರೂ ಒಪ್ಪುವ ಮಾತಿಗೆ ಕಾರಣ ಕೊಡಬೇಕಾಗಿಲ್ಲ. ಕಾರಣ ಬೇಕಿಲ್ಲದ ಕಡೆ ಅಲಂಕಾರ ಬರುತ್ತದೆ. ಪ್ರಬಂಧ ಎಂದರೆ ಚೆನ್ನಾಗಿ ಕಟ್ಟಿದ್ದು ಎಂದರ್ಥ. ಫ್ರಾನ್ಸಿನ ಮೊಂತೇನ್ 1580ರಲ್ಲಿ ತನ್ನ ಬರಹಗಳಿಗೆ 'ಎಸ್ಸೇ' ಎಂದು ಹೆಸರಿಟ್ಟಾಗ ಆ ಶಬ್ದಕ್ಕಿದ್ದ ಅರ್ಥ ಪ್ರಯತ್ನ, ಪರೀಕ್ಷಿಸಿ ನೋಡುವುದು. ನಮ್ಮ ತರಗತಿಯ ಪ್ರಬಂಧದಲ್ಲಿ ಕಟ್ಟುವುದೂ ಇಲ್ಲ, ಪರೀಕ್ಷಿಸುವುದೂ ಇಲ್ಲ. ಜೋಡಿಸಿಡುವುದಷ್ಟೇ ಇದೆ.

2

ಈಗ 1855ಕ್ಕೆ ಬರೋಣ. ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳ ಶಾಲೆಯಲ್ಲಿ ಓದುತ್ತಿದ್ದ ಮುಕ್ತಾ ಸಾಳ್ವೆ ಎಂಬ ಹುಡುಗಿ ಮಾಂಗ್ ಮತ್ತು ಮಹಾರರ ದುಃಖವನ್ನು ಕುರಿತು ಮರಾಠಿಯಲ್ಲಿ ಒಂದು ನಿಬಂಧ ಬರೆದಳು. 'ಜ್ಞಾನೋದಯ' ಪತ್ರಿಕೆಯಲ್ಲಿ ಅದು ಆ ವರ್ಷ ಅಚ್ಚಾಯಿತು. ಮಾಂಗ್ ಅಂದರೆ ನಮ್ಮ ಕಡೆಯ ಮಾದಿಗರಿಗೆ ಸಮಾನವಾದ ಸಮುದಾಯ. ದಲಿತ ಹೆಣ್ಣುಮಗಳೊಬ್ಬಳು ಬರೆದು ನಮಗೆ ಉಳಿದಿರುವ ಅತಿ ಹಳೆಯ ಗದ್ಯಗಳಲ್ಲಿ ಇದೊಂದು. ಅದು ಕವಿತೆಯಲ್ಲ, ಆತ್ಮಕತೆಯಲ್ಲ, ಶಾಲೆ ಕಲಿಯುತ್ತಿದ್ದ ಹುಡುಗಿ ಬರೆದ ನಿಬಂಧ ಎಂಬುದನ್ನು ನಮ್ಮ ವಿಮರ್ಶೆ ಸಾಕಷ್ಟು ಗಮನಿಸಿಲ್ಲ.

ಅದರ ಕಟ್ಟಡ ನೋಡಿ. ದೇವರ ಸ್ಮರಣೆಯಿಂದ ಶುರು ಮಾಡುತ್ತಾಳೆ, ಆ ಕಾಲದ ರೂಢಿಯದು. ಆದರೆ ಬೇಗನೆ ಎದುರಾಳಿಯ ಮಾತನ್ನೇ ಕೈಗೆತ್ತಿಕೊಳ್ಳುತ್ತಾಳೆ. ವೇದ ತಮ್ಮೊಬ್ಬರದೇ ಎಂದು ಬ್ರಾಹ್ಮಣರು ಹೇಳುತ್ತಾರಷ್ಟೇ. ಹಾಗಾದರೆ ನಮಗೆ ಗ್ರಂಥವಿಲ್ಲವೆಂದಾಯಿತು, ಗ್ರಂಥವಿಲ್ಲದಿದ್ದರೆ ಆ ಧರ್ಮವೂ ನಮ್ಮದಲ್ಲವೆಂದಾಯಿತು ಎಂಬ ರೀತಿಯಲ್ಲಿ ಅವಳ ತರ್ಕ ಸಾಗುತ್ತದೆ. ಎದುರಾಳಿ ಕೊಟ್ಟ ಇಟ್ಟಿಗೆಯಿಂದಲೇ ಅವನ ಗೋಡೆಯ ಎದುರು ಗೋಡೆ ಕಟ್ಟುವ ಕ್ರಮ ಇದು. ಆಮೇಲೆ ಸಾಕ್ಷಿ ಬರುತ್ತದೆ. ಪೇಶ್ವೆ ಆಳ್ವಿಕೆಯಲ್ಲಿ ತನ್ನ ಜನರನ್ನು ದೊಡ್ಡ ಮನೆಗಳ ಬುನಾದಿಯಲ್ಲಿ ಹೂಳುತ್ತಿದ್ದದ್ದನ್ನು, ತಲೆಯ ಮೇಲೆ ಸೂರಿಲ್ಲದೆ ಮಳೆಚಳಿಯಲ್ಲಿ ಹೆರುವ ಹೆಂಗಸರ ಪಾಡನ್ನು ಹೇಳುತ್ತಾಳೆ. ಮಾಡಿದವರು ಯಾರೆಂದು ಹೆಸರಿಟ್ಟು ಹೇಳುತ್ತಾಳೆ. ಕೊನೆಗೆ ತನ್ನವರ ಕಡೆ ತಿರುಗಿ ವಿದ್ಯೆ ಕಲಿಯಿರಿ ಎನ್ನುತ್ತಾಳೆ. ಬ್ರಿಟಿಷ್ ಆಳ್ವಿಕೆಯ ಬಗ್ಗೆ ಅವಳಿಗಿದ್ದ ಭರವಸೆ ಇಂದು ನಮಗಿರಬೇಕಾಗಿಲ್ಲ, ಅದನ್ನು ಒಪ್ಪದೆಯೂ ಓದಬಹುದು. ಒಪ್ಪದೆ ಓದಲು ಸಾಧ್ಯವಾಗುವುದೇ ಅದು ವಾದ ಎಂಬುದಕ್ಕೆ ಗುರುತು. ಗೈಡಿನ ಪ್ರಬಂಧದ ಜೊತೆ ಜಗಳವಾಡಲು ಆಗುವುದಿಲ್ಲ, ಮುಕ್ತಾಳ ಜೊತೆ ಆಡಬಹುದು.

ಅರವತ್ತೊಂದು ವರ್ಷಗಳ ಅನಂತರ, 1916ರ ಮೇ 9ರಂದು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊ. ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರ ಸೆಮಿನಾರಿನಲ್ಲಿ 25 ವರ್ಷದ ಅಂಬೇಡ್ಕರ್ 'ಭಾರತದಲ್ಲಿ ಜಾತಿಗಳು' ಎಂಬ ಪ್ರಬಂಧ ಓದಿದರು. ಇದೂ ವಿದ್ಯಾರ್ಥಿಯ ಪ್ರಬಂಧವೇ. ಅಲ್ಲಿ ಬಾಬಾಸಾಹೇಬರು ಮಾಡಿದ್ದೇನು? ಜಾತಿಯನ್ನು ಕುರಿತು ಸೆನಾರ್ಟ್, ನೆಸ್‌ಫೀಲ್ಡ್, ರಿಸ್ಲೆ, ಕೇತ್ಕರ್ ಕೊಟ್ಟ ವ್ಯಾಖ್ಯೆಗಳನ್ನು ಒಂದೊಂದಾಗಿ ಎದುರಿಗಿಟ್ಟು, ಎಲ್ಲಿ ಸಾಲದು ಎಂದು ತೋರಿಸಿದರು. ಆಮೇಲೆ ತಮ್ಮ ಒಂದೇ ಮಾತನ್ನು ಮುಂದಿಟ್ಟರು: ಜಾತಿಯ ಸಾರ ಒಳಮದುವೆ. ಈ ಒಂದು ಮಾತಿನಿಂದ ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಮೂರೂ ಯಾಕೆ ಬೇಕಾದವು ಎಂಬುದನ್ನು ಬಿಡಿಸಿದರು. ತಮ್ಮ ಸಿದ್ಧಾಂತ ನಿಲ್ಲುವುದಿಲ್ಲವೆಂದು ತೋರಿಸಿದರೆ ಅದನ್ನು ಬಿಡಲೂ ತಯಾರು ಎಂಬ ಧಾಟಿಯಲ್ಲಿ ಮುಗಿಸಿದರು. ಅಸ್ಪೃಶ್ಯತೆಯನ್ನು ಮೈಮೇಲೆ ಉಂಡ ಮನುಷ್ಯ 'ನಾನು ಉಂಡಿದ್ದೇನೆ, ಆದ್ದರಿಂದ ಒಪ್ಪಿ' ಎಂದು ಹೇಳಲಿಲ್ಲ. ಕಾರಣ ಕೊಟ್ಟರು.

1936ರ 'ಜಾತಿ ವಿನಾಶ'ದ ಕತೆ ಗೊತ್ತಿರುವಂಥದ್ದು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಭಾಷಣಕ್ಕೆ ಕರೆದು, ಬರಹ ನೋಡಿ ಹೆದರಿ, ಕೆಲವು ಭಾಗ ತೆಗೆಯಿರಿ ಎಂದಿತು. ಅವರು ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಸಭೆ ರದ್ದಾಯಿತು. ತಮ್ಮದೇ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಆ ಪುಸ್ತಕದ ಕ್ರಮದ ಕಡೆ ನಮ್ಮ ಗಮನ ಹೋಗಬೇಕು. ಮೊದಲು ರಾಜಕೀಯ ಸುಧಾರಣೆ ಸಾಕೆನ್ನುವವರನ್ನು, ಆಮೇಲೆ ಸಮಾಜವಾದಿಗಳನ್ನು, ಆಮೇಲೆ ಜಾತಿಯೆಂದರೆ ಶ್ರಮವಿಭಜನೆ ಎನ್ನುವವರನ್ನು, ಆಮೇಲೆ ಚಾತುರ್ವರ್ಣ್ಯದ ಹೊಸ ವಕೀಲರನ್ನು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿ ಉತ್ತರ ಕೊಡುತ್ತಾರೆ. ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಆಕ್ಷೇಪ ಬರೆದಾಗ, 1937ರ ಎರಡನೆಯ ಮುದ್ರಣದಲ್ಲಿ ಆ ಆಕ್ಷೇಪಗಳನ್ನೂ ಜೊತೆಗೇ ಅಚ್ಚು ಹಾಕಿ, ಅದರ ಕೆಳಗೆ ತಮ್ಮ ಉತ್ತರವನ್ನಿಟ್ಟರು. ಎದುರಾಳಿಯ ಮಾತನ್ನು ತನ್ನ ಪುಸ್ತಕದೊಳಗೇ ಜಾಗ ಕೊಟ್ಟು ಕೂರಿಸುವ ಧೈರ್ಯ ಇದೆಯಲ್ಲ, ಪ್ರಬಂಧದ ಆಕೃತಿ ಎಂದು ನಾನು ಕರೆಯುವುದು ಅದನ್ನೇ.

3

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ, ಎರಡೂ ನಮ್ಮವರಿಂದಲೇ. ಒಂದು, ದಲಿತ ಬರವಣಿಗೆಯ ಶಕ್ತಿ ಅನುಭವದಲ್ಲಿದೆ, ತರ್ಕದ ಚೌಕಟ್ಟು ಅದನ್ನು ಒಣಗಿಸುತ್ತದೆ ಎಂಬುದು. ಈ ಮಾತಿಗೆ ತೂಕವಿದೆ. 1975ರ 'ಹೊಲೆಮಾದಿಗರ ಹಾಡು' ಕನ್ನಡ ಕಾವ್ಯದ ಕಿವಿಯನ್ನೇ ಬದಲಿಸಿದ್ದು ತರ್ಕದಿಂದಲ್ಲ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಓದುಗರನ್ನು ಅಲುಗಾಡಿಸಿದ್ದು ಸಿದ್ಧಾಂತದಿಂದಲ್ಲ. ಆದರೆ ಅನುಭವ ಮಾತ್ರವೇ ನಮ್ಮ ಪಾಲು, ವಿಶ್ಲೇಷಣೆ ಅವರ ಪಾಲು ಎಂದು ಒಪ್ಪಿಕೊಂಡರೆ ಹಳೆಯ ಶ್ರಮವಿಭಜನೆ ವಿಮರ್ಶೆಯೊಳಗೂ ಬಂದಂತಾಯಿತು. ನಾವು ಕಚ್ಚಾ ಮಾಲು ಪೂರೈಸುವುದು, ಇನ್ನೊಬ್ಬರು ಅದರ ಮೇಲೆ ಸೆಮಿನಾರು ಮಾಡುವುದು! ಅನುಭವ ಸಾಕ್ಷಿ, ನಿಜ. ಸಾಕ್ಷಿ ಯಾವ ಮಾತಿಗೆ ಸಾಕ್ಷಿ ಎಂಬುದನ್ನು ಹೇಳುವವನೂ ನಾನೇ ಆಗಬೇಕು.

1973ರ ಬೂಸಾ ಪ್ರಕರಣವನ್ನು ಈ ದೃಷ್ಟಿಯಿಂದ ಮತ್ತೆ ನೋಡಬೇಕು. ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂದದ್ದು ಒಂದು ವಿಮರ್ಶಾ ವಾಕ್ಯ. ವಿಮರ್ಶಾ ವಾಕ್ಯಕ್ಕೆ ಕೇಳಬೇಕಾದ ಪ್ರಶ್ನೆ 'ಯಾಕೆ, ತೋರಿಸು' ಎಂಬುದು. ಆ ಪ್ರಶ್ನೆಯ ಬದಲು ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಕಾರಣ ಕೇಳಿದ್ದರೆ ಕನ್ನಡ ವಿಮರ್ಶೆಗೆ ಒಂದು ದೊಡ್ಡ ಚರ್ಚೆ ಸಿಗುತ್ತಿತ್ತು. ಕಾರಣ ಕೇಳುವ ಹಕ್ಕು, ಹೇಳುವ ಹಕ್ಕು ಎರಡೂ ಯಾರಿಗೆ ಬೇಕು ಎಂಬುದು ಅಲ್ಲಿ ಸ್ಪಷ್ಟವಾಯಿತು.

ಇನ್ನೊಂದು ಆಕ್ಷೇಪ: ಈ ರಚನೆ ಗಿಚನೆ ಎಲ್ಲ ಇಂಗ್ಲಿಷಿನಿಂದ ಬಂದದ್ದು, ಯಜಮಾನ ಸಂಸ್ಕೃತಿಯದ್ದು, ನಮ್ಮದಲ್ಲ ಎಂಬುದು. ಇದನ್ನು ಒಪ್ಪುವುದು ಕಷ್ಟ. ಕೇರಿಯ ಕಟ್ಟೆಯ ಮೇಲೆ ನ್ಯಾಯ ಕೂತಾಗ ನೋಡಿ. ಯಾರಾದ್ರೂ ಸುತ್ತಿ ಬಳಸಿ ಶುರು ಮಾಡಿದ್ರ ಹಿರೇರು ಏನಂತಾರ? 'ಪೀಠಿಕಿ ಸಾಕು, ವಿಷಯಕ್ಕ ಬಾ.' ಅವನು ದೂರು ಹೇಳಬೇಕು, ಕಂಡವರನ್ನು ಕರೆಸಬೇಕು, ಎದುರಿನವನ ಮಾತು ಕೇಳಬೇಕು, ಆಮೇಲೆ ಉತ್ತರ, ಆಮೇಲೆ ತೀರ್ಮಾನ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ ಇದೇ ಜಿಲ್ಲೆಯ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದ ಕಡೆಯವಳೆಂದು ಹೇಳುತ್ತಾರೆ. ಗಂಡ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವಳು ಅಳಲಿಲ್ಲ, ಬೈಯಲೂ ಇಲ್ಲ. ಈ ಆಸೆ ಯಾರದು ಎಂದು ಪ್ರಶ್ನೆ ಹಾಕಿ, ಕಾರಣ ಹೇಳಿ, ಹೆಚ್ಚಿನದನ್ನು ತಂದಲ್ಲೇ ಹಾಕಿ ಬಾ ಎಂದು ತೀರ್ಮಾನ ಕೊಟ್ಟಳು. ಮಾತು, ಕಾರಣ, ತೀರ್ಮಾನ. ಇದನ್ನು ನಾವು ಯಾವ ಇಂಗ್ಲಿಷಿನಿಂದಲೂ ಸಾಲ ತಂದಿಲ್ಲ.

4

ಹಾಗಾದರೆ ಬರೆಯುವುದು ಹ್ಯಾಂಗ? ವಿದ್ಯಾರ್ಥಿಗಳಿಗೆ ಉಪಯೋಗವಾಗಲೆಂದು ಒಂದು ವಿಷಯವನ್ನು ಬಿಡಿಸಿ ತೋರಿಸುತ್ತೇನೆ. ವಿಷಯ: 'ಗುಳೆ'. ದೇವದುರ್ಗದ ಹುಡುಗನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ಮಾತು. 'ಗುಳೆ ಒಂದು ಗಂಭೀರ ಸಮಸ್ಯೆ' ಎಂಬುದು ಮಾತಲ್ಲ, ತಲೆಬರಹ. ಯಾರಾದರೂ ಇಲ್ಲ ಎನ್ನಬಹುದಾದ ವಾಕ್ಯ ಬೇಕು. ಉದಾಹರಣೆಗೆ: 'ನಮ್ಮೂರಿನಿಂದ ಜನ ಗುಳೆ ಹೋಗುವುದು ಮಳೆ ಇಲ್ಲದ್ದಕ್ಕೆ ಮಾತ್ರವಲ್ಲ, ನೀರು ಬಂದ ಮೇಲೂ ಭೂಮಿ ಇಲ್ಲದ್ದಕ್ಕೆ.' ಇದನ್ನು ಪೀಠಿಕೆಯ ಒಳಗೇ ಹೇಳಬೇಕು. ಓದುವವನು ಮೂರು ಪುಟ ಕಾಯಬಾರದು.

ಎರಡನೆಯದು ಸಾಕ್ಷಿ. ಎರಡು ಬಗೆಯ ಸಾಕ್ಷಿ ಬೇಕು, ಕಂಡದ್ದು ಮತ್ತು ಓದಿದ್ದು. ಕಂಡದ್ದು: ನಿನ್ನ ಓಣಿಯಲ್ಲಿ ಎಷ್ಟು ಮನೆ, ಸುಗ್ಗಿ ಮುಗಿದ ಮೇಲೆ ಬೀಗ ಬೀಳುವುದು ಎಷ್ಟು ಮನೆಗೆ, ಅವುಗಳಲ್ಲಿ ಹೊಲ ಇರುವುದು ಎಷ್ಟಕ್ಕೆ. ಎಣಿಸಿ ಬರೆ. ಓದಿದ್ದು: ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಗುರುತಿಸಿತು, ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ ದೇವದುರ್ಗ ಒಂದು. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಹೊಲಗಳಿಗೆ ನೀರು ತಂದಿದೆ. ಮಾನ್ವಿ, ರಾಯಚೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಕೊನೆಭಾಗದ ರೈತರ ನೀರಿನ ಜಗಳವೂ ಇದೆ. ಒಂದು ಪ್ಯಾರಾಕ್ಕೆ ಒಂದೇ ಸಂಗತಿ.

ಮೂರನೆಯದು ಎದುರುಮಾತು. ಇದನ್ನೇ ನಮ್ಮ ಹುಡುಗರಿಗೆ ಯಾರೂ ಕಲಿಸುವುದಿಲ್ಲ. ನಿನ್ನನ್ನು ಒಪ್ಪದವನು ಹೇಳಬಹುದಾದ ಅತ್ಯಂತ ಗಟ್ಟಿ ಮಾತು ಯಾವುದು? 'ಬೆಂಗಳೂರಿನಲ್ಲಿ ಕೂಲಿ ಹೆಚ್ಚು ಸಿಗುತ್ತದೆ, ಊರಲ್ಲಿ ಗೌಡರ ಹಂಗಿಲ್ಲದೆ ಬದುಕಬಹುದು, ಹಾಗಾಗಿ ಗುಳೆ ಅವರ ಆಯ್ಕೆ, ಅದು ಬಿಡುಗಡೆಯೂ ಹೌದು.' ಇದು ಸುಳ್ಳಲ್ಲ. ಕೇರಿಯವರಿಗೆ ಊರು ಬಿಡುವುದು ಎಷ್ಟೋ ಸಲ ಬಿಡುಗಡೆಯೇ. ಇದನ್ನು ಪೂರ್ತಿ ಬರೆ, ಕುಂಟು ಮಾಡಿ ಬರೆಯಬೇಡ.

ನಾಲ್ಕನೆಯದು ಉತ್ತರ. ಅದರಲ್ಲಿ ನಿಜವಿರುವುದನ್ನು ಒಪ್ಪಿ, ಉಳಿದದ್ದಕ್ಕೆ ಕಾರಣ ಕೊಡು. ಆಯ್ಕೆ ಎನ್ನಬೇಕಾದರೆ ಇರುವುದಕ್ಕೂ ಒಂದು ದಾರಿ ಇರಬೇಕು. 2005ರ ಉದ್ಯೋಗ ಖಾತರಿ ಕಾಯ್ದೆ ವರ್ಷಕ್ಕೆ 100 ದಿನದ ಕೆಲಸದ ಭರವಸೆ ಕೊಟ್ಟಿತ್ತು. ನಿನ್ನ ಓಣಿಯಲ್ಲಿ ಎಷ್ಟು ಮನೆಗೆ ಎಷ್ಟು ದಿನ ಸಿಕ್ಕಿತು, ಕೇಳಿ ಬರೆ. ಊರಲ್ಲೇ ಉಳಿಯುವ ದಾರಿ ನಿಜಕ್ಕೂ ಇತ್ತೇ ಎಂಬುದು ಆ ಲೆಕ್ಕದಿಂದ ತಿಳಿಯುತ್ತದೆ.

ಐದನೆಯದು, ಮುಂದೇನು. 'ಸರ್ಕಾರ ಕ್ರಮ ಕೈಗೊಳ್ಳಬೇಕು' ಎಂಬುದು ಉಪಸಂಹಾರವಲ್ಲ. ನಿನ್ನ ಮಾತು ನಿಜವಾದರೆ ಯಾವುದು ಬದಲಾಗಬೇಕು? ಕಾರಣ ಭೂಮಿಯದ್ದಾದರೆ ಕಾಲುವೆ ದುರಸ್ತಿ ಒಂದೇ ಸಾಲದು, ಭೂಮಿಯ ಮಾತು ಬರಬೇಕು. ಅಷ್ಟು ಹೇಳಿ ನಿಲ್ಲಿಸು.

ಬರೆದ ಮೇಲೆ ಒಂದು ಪರೀಕ್ಷೆ ಮಾಡಬಹುದು. ಎರಡು ಪ್ಯಾರಾಗಳ ನಡುವೆ 'ಯಾಕಂದ್ರ', 'ಆದ್ರ', 'ಅದಕ್ಕ' ಇವುಗಳಲ್ಲಿ ಯಾವುದಾದರೂ ಕೂರುತ್ತದೆಯೇ ನೋಡಿ. ಕೂತರೆ ವಾದ ನಡೆಯುತ್ತಿದೆ. ಬರೇ 'ಮತ್ತ', 'ಮತ್ತ' ಅಂತ ಮಾತ್ರ ಕೂರುವುದಾದರೆ ಅದು ಸಂತೆಯ ಚೀಟಿ, ಪ್ರಬಂಧವಲ್ಲ. ಹಾಗೆಯೇ 'ಲಾಗುತ್ತದೆ' ಎಂದು ಮುಗಿಯುವ ಕ್ರಿಯಾಪದಗಳ ಕೆಳಗೆಲ್ಲ ಗೆರೆ ಎಳೆದು, ಒಂದೊಂದಕ್ಕೂ 'ಯಾರು?' ಎಂದು ಕೇಳಿ.

'ಸರ, ಹಿಂಗ ಬರದ್ರ ಮಾರ್ಕ್ಸ್ ಬರ್ತಾವೇನ್ರೀ?' ಇದು ತರಗತಿಯಲ್ಲಿ ಏಳುವ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಕೂಲಿ ಮಾಡಿ ಓದಿಸುವ ಮನೆಯ ಮಗುವಿಗೆ ಅಂಕ ಬಿಟ್ಟು ಕ್ರಾಂತಿ ಮಾಡು ಎನ್ನುವ ಹಕ್ಕು ನಮಗಿಲ್ಲ. ಅದಕ್ಕೆ ನನ್ನ ಉತ್ತರ: ಮೂರು ಉಪಶೀರ್ಷಿಕೆಗಳನ್ನು ಹಾಗೇ ಇಟ್ಟುಕೋ. ಪೀಠಿಕೆಯ ಕೊನೆಯ ವಾಕ್ಯದಲ್ಲಿ ನಿನ್ನ ಮಾತನ್ನು ಇಡು. ವಿವರಣೆಯಲ್ಲಿ ಸಾಕ್ಷಿ, ಎದುರುಮಾತು, ಉತ್ತರ ಬರಲಿ. ಉಪಸಂಹಾರದಲ್ಲಿ ಮುಂದೇನು ಎಂಬುದು ಬರಲಿ. ಹಳೆಯ ಮನೆಯ ಬಾಗಿಲು ಅದೇ ಇರುತ್ತದೆ, ಒಳಗೆ ವಾಸ ಮಾಡುವವರು ಬದಲಾಗುತ್ತಾರೆ.

5

ಎದುರುಮಾತಿನ ಅಭ್ಯಾಸ ಪರೀಕ್ಷೆಗಿಂತ ನಮ್ಮ ಚಳವಳಿಗೆ ಹೆಚ್ಚು ಬೇಕಾಗಿದೆ. ಒಳಮೀಸಲಾತಿಯ ಪ್ರಶ್ನೆಯನ್ನೇ ನೋಡಿ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಪರಿಶಿಷ್ಟ ಜಾತಿಗಳ ಒಳವರ್ಗೀಕರಣ ಸಾಧ್ಯವೆಂದು ಆರು-ಒಂದರ ಬಹುಮತದಿಂದ ಹೇಳಿತು. ಬಹುಮತದ ಜೊತೆಗೆ ಒಪ್ಪದ ಒಬ್ಬ ನ್ಯಾಯಮೂರ್ತಿಯ ಕಾರಣಗಳೂ ಆ ತೀರ್ಪಿನಲ್ಲೇ ಅಚ್ಚಾಗಿವೆ. ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆಯ ಮೇಲೆ ಒಂದೇ ಬೆಂಚಿನಲ್ಲಿ ಕೂರುವ ಹೊಲೆಯ, ಮಾದಿಗ ಹುಡುಗರು ಪರಸ್ಪರ ಘೋಷಣೆ ಕೂಗಬಲ್ಲರು. ಅವನ ಕಾರಣವನ್ನು ಇವನು, ಇವನ ಕಾರಣವನ್ನು ಅವನು ಒಂದು ಪ್ಯಾರಾ ನೆಟ್ಟಗೆ ಬರೆಯಬಲ್ಲರೇ? ಅದನ್ನು ಕಲಿಸದೆ ಒಗ್ಗಟ್ಟಿನ ಭಾಷಣ ಮಾಡುವುದರಲ್ಲಿ ಅರ್ಥವಿಲ್ಲ.

ಉಪನ್ಯಾಸಕ ಗೆಳೆಯರಿಗೆ ಒಂದು ಮಾತು. ಉತ್ತರಪತ್ರಿಕೆ ತಿದ್ದುವಾಗ ಭವ್ಯ ಪರಂಪರೆಗೆ ಕೊಡುವ ಅಂಕದಲ್ಲಿ ಒಂದಿಷ್ಟನ್ನು ಉಳಿಸಿ, ಸ್ವಂತ ಓಣಿಯನ್ನು ಎಣಿಸಿ ಬರೆದವಳಿಗೆ ಕೊಡಿ. ಅವಳ ಕನ್ನಡದಲ್ಲಿ 'ಗುಳೆ', 'ಓಣಿ', 'ಹಂಗು' ಬಂದರೆ ಕೆಂಪು ಗೆರೆ ಎಳೆಯುವ ಮುನ್ನ, ಅದಕ್ಕಿಂತ ಖಚಿತವಾದ ಶಬ್ದ ನಿಮ್ಮಲ್ಲಿದೆಯೇ ಎಂದು ಕೇಳಿಕೊಳ್ಳಿ. ಪಠ್ಯ ಮಾಡುವ ಸಮಿತಿಗಳಲ್ಲಿ ಕೂರುವವರಿಗೆ ಇನ್ನೊಂದು ಮಾತು. ಮೂರ್ತಿರಾಯರ 'ಹಗಲುಗನಸುಗಳು' ನಮಗೆ ಬೇಡವೆಂದಲ್ಲ. ಆದರೆ ಬಿಡುವಿದ್ದವರ ಲಲಿತ ಪ್ರಬಂಧವೊಂದೇ ಮಾದರಿಯಾಗಬಾರದು. ಪಕ್ಕದಲ್ಲಿ ಮುಕ್ತಾ ಸಾಳ್ವೆಯ ನಿಬಂಧದ ಕನ್ನಡ ಅನುವಾದ ಇರಲಿ, 1916ರ ಸೆಮಿನಾರ್ ಪ್ರಬಂಧದ ಕೆಲವು ಪುಟಗಳಿರಲಿ. ಮೊದಲ ವರ್ಷದ ಹುಡುಗಿ ಅವನ್ನು ಓದಿ, ಅವರು ಕಟ್ಟಿದ ಕ್ರಮವನ್ನು ಬಿಚ್ಚಿ ನೋಡಿ, ತನ್ನ ಊರಿನ ಒಂದು ಸಂಗತಿಯನ್ನು ಅದೇ ಕ್ರಮದಲ್ಲಿ ಬರೆದು ತರಲಿ. ತರಗತಿಯಲ್ಲಿ ಗಟ್ಟಿಯಾಗಿ ಓದಲಿ. ಒಪ್ಪದವರು ಎದ್ದು ನಿಂತು ಕಾರಣ ಕೇಳಲಿ, ಅವಳು ಉತ್ತರ ಕೊಡಲಿ.